ಅಳತೆಗೆ ನಿಂತವನು

ಚಿತ್ರ ನಲವತ್ತೇಳು. ಪಶ್ಚಿಮದ ಗೋಡೆ.
ಗೋಡೆಗೆ ಬೆನ್ನು ಕೊಟ್ಟು ನಿಂತವನು ನನ್ನಜ್ಜ.
ಕೆಳಗೆ ಅಚ್ಚಾಗಿದೆ: "ಅಳತೆಗಾಗಿ, ಕೆಲಸದಾಳು."
ಹೆಸರಿಲ್ಲ. ಬಿಸಿಲಿಗೆ ಒಂದು ಕಣ್ಣು ಕಿರಿದಾಗಿದೆ.

ಖಲಫ್ ಅಂತ ಹೆಸರು. ಶಿರ್ಕಾತಿನವನು,
ಅಪ್ಪನಿಂದ ಬಂದದ್ದು ಒಂದು ಗುದ್ದಲಿ ಮತ್ತು ಕಿವಿ.
ಹಸಿ ಇಟ್ಟಿಗೆಯೂ ಅದರ ಮೇಲೆ ಕುಸಿದ ಮಣ್ಣೂ
ಒಂದೇ ಬಣ್ಣ, ಒಂದೇ ಪುಡಿ, ಒಂದೇ ದಿಜ್ಲಾ ನದಿಯ ಹೂಳು;
ಮೊನೆಯನ್ನು ಮೆಲ್ಲಗೆ ತಾಗಿಸಿ ಆಲಿಸುತ್ತಿದ್ದ:
ಇದು ಗೋಡೆ.
ಇದು ಗೋಡೆ ಬಿದ್ದದ್ದು.
ಪ್ರೊಫೆಸರು ಬರೆದುಕೊಳ್ಳುತ್ತಿದ್ದರು.

ಆ ದಿನ ಕೆಂಪು ಬಿಳಿ ಪಟ್ಟೆಯ ಅಳತೆಕೋಲು
ಲಾರಿಯ ಚಕ್ರಕ್ಕೆ ಸಿಕ್ಕಿ ಮುರಿದಿತ್ತಂತೆ.
"ನೀನೇ ನಿಲ್ಲು, ಖಲಫ್."
ನಿಂತ.

ಹನ್ನೆರಡು ವರ್ಷದ ಮೇಲೆ, ನಡುವೆ ಒಂದು ಯುದ್ಧ ಮುಗಿದು,
ಟಿಪ್ಪಣಿಯ ಪೆಟ್ಟಿಗೆ ಹಡಗಿನಲ್ಲಿ ನೆನೆದು ಅಂಟಿಕೊಂಡ ಮೇಲೆ,
ಎಲ್ಲೋ ಮಂಜಿನ ಊರಲ್ಲಿ ದೀಪ ಹಚ್ಚಿ ಕೂತು
ಈ ಚಿತ್ರದಿಂದಲೇ ಲೆಕ್ಕ ಹಾಕಿದರು ಪ್ರೊಫೆಸರು:
ಆಳೆಂದರೆ ಐದೂವರೆ ಅಡಿ, ಗೋಡೆ ಅಂಥ ನಾಲ್ಕಾಳು.

ನನ್ನಜ್ಜ ಗಿಡ್ಡ.
ಯಾವ ಬಾಗಿಲಿಗೂ ತಲೆ ಬಾಗಿಸಿದವನಲ್ಲ, ಬೇಕಾಗಿರಲಿಲ್ಲ;
ಐದಡಿಗೆ ಎರಡು ಬೆರಳು ಕಡಿಮೆ.
ಹೀಗೆ ಮಂಜಿನ ಊರಲ್ಲಿ ಒಂದು ರಾತ್ರಿ
ಗೋಡೆ ಎರಡೂವರೆ ಅಡಿ ಬೆಳೆಯಿತು.

ಅಷ್ಟೆತ್ತರದ ಗೋಡೆಗೆ ಶತ್ರು ಬೇಕಲ್ಲ, ಬಂದ.
ಶತ್ರುವಿಗೊಬ್ಬ ರಾಜ ಬೇಕು, ಅವನೂ ಸಿಕ್ಕಿದ,
ಯಾವುದೋ ಹಲಗೆಯ ಮುಕ್ಕಾದ ಸಾಲಿನಲ್ಲಿ.
ಮುತ್ತಿಗೆ ಹದಿನಾಲ್ಕು ತಿಂಗಳು ನಡೆಯಿತು.
ಅದರ ಮೇಲೆ ಪಿಎಚ್‌ಡಿ ಮಾಡಿದ ಹುಡುಗ
ನಕ್ಷೆಯ ಮೇಲೆ ಬಾಣದ ಗುರುತು ತೋರಿಸುತ್ತ
ನಮ್ಮ ಹಜಾರದಲ್ಲಿ ಎರಡು ತಾಸು ಮಾತಾಡಿದ.
ಅಜ್ಜ ಚಹಾ ಕುಡಿದು ಕೇಳಿದ್ದು ಒಂದೇ:
"ಗೆದ್ದವರ್ಯಾರು?"

ಆಮೇಲೆ ಬಂದವರು ಕೋಟೆಯಲ್ಲ ಅಂದರು, ನೆರೆಗೆ ಕಟ್ಟಿದ ಒಡ್ಡು.
ಅವರ ಶಿಷ್ಯರೇ, ಗುರುಗಳು ತೀರಿಕೊಂಡ ಮರುವರ್ಷ,
ಒಡ್ಡೂ ಅಲ್ಲ ಅಂದರು.
ಪುಸ್ತಕಗಳ ಬೆನ್ನು ಬಿಸಿಲಿಗೆ ಬಿಳಿಚಿತು.
ಮೊದಮೊದಲು ಅವರನ್ನು ಒಪ್ಪಿದರು, ನಂತರ ಖಂಡಿಸಿದರು,
ನಂತರ ಖಂಡಿಸುವುದಕ್ಕೂ ಯಾರೂ ತೆರೆಯಲಿಲ್ಲ.
ಮುತ್ತಿಗೆಯ ಹುಡುಗ ಈಗ ಒಂದು ಅಡಿಟಿಪ್ಪಣಿ,
ಅದೂ ಸಣ್ಣಕ್ಷರದಲ್ಲಿ, ಅದೂ "ನೋಡಿ, ಆದರೆ" ಎಂಬಲ್ಲಿ.

ಈ ವರ್ಷ ಡಾಕ್ಟರ್ ಶಹ್ಲಾ ಅಗೆಸುತ್ತಿರುವುದು ನಗರವನ್ನಲ್ಲ,
ಪ್ರೊಫೆಸರು ಬೇಡವೆಂದು ಸುರಿಸಿದ ಮಣ್ಣಿನ ರಾಶಿಯನ್ನು.
ನಾನು ಜರಡಿ ಹಿಡಿಯುತ್ತೇನೆ, ಚೂರು ತೊಳೆಯುತ್ತೇನೆ.
ಚಿನ್ನ ಹುಡುಕಿದವರು ಎಸೆದ ಸುಟ್ಟ ಜವೆಗೋಧಿ,
ಉಗುರಿನಷ್ಟು ಮುದ್ರೆಗಳು, ಕುರಿಯ ಹಲ್ಲು,
ಪ್ರೊಫೆಸರ ತಂಬಾಕಿನ ಡಬ್ಬಿ.
ಮಂಗಳವಾರ, ಒಂದು ಮೊಳದ ಕಟ್ಟಿಗೆ:
ಕೆಂಪು, ಬಿಳಿ, ಕೆಂಪು, ಅಲ್ಲಿಗೆ ಮುರಿದಿದೆ.
ಅದಕ್ಕೂ ಒಂದು ನಂಬರು ಕೊಟ್ಟರು, ಚೀಲ ಕೊಟ್ಟರು.

ಗೋಡೆ? ಅದು ಈಗ ನನ್ನ ಮೊಣಕಾಲಿಗೆ ಬರುತ್ತದೆ.
ತೊಂಬತ್ತು ಮಳೆಗಾಲ, ಕಳ್ಳರು, ಒಂದು ಟ್ಯಾಂಕು.
ಅಳೆಯಬೇಕಾದರೆ ಚಿತ್ರವೇ ಗತಿ, ಚಿತ್ರದಲ್ಲಿ ಅಜ್ಜನೇ ಗತಿ.
"ನಿಮ್ಮಜ್ಜ ಎಷ್ಟೆತ್ತರ ಇದ್ದರು, ಸಾಜಿದಾ?"

ಎರಡು ಬೆರಳಿನ ಕಥೆ ನಮ್ಮ ಮನೆಯ ತಮಾಷೆ,
ಅದನ್ನು ಪುಸ್ತಕಕ್ಕೆ ಹೇಗೆ ಕೊಡಲಿ?
ಹದಿನಾಲ್ಕಕ್ಕೆ ನನ್ನ ಭುಜ ಅವನ ಭುಜಕ್ಕೆ ಸಮ ಬಂದಿತ್ತು,
ಈದ್ ಹಬ್ಬದ ದಿನ, ಅಂಗಳದಲ್ಲಿ, ಅಮ್ಮ ನೋಡಿ ನಕ್ಕಿದ್ದಳು.
ಆಮೇಲೆ ನಾನು ಎಷ್ಟು ಬೆಳೆದೆನೋ, ಅವನೆಷ್ಟು ಬಾಗಿದನೋ.
ಆದರೂ ಹೋಗಿ, ಅವನು ನಿಂತಿದ್ದ ಜಾಗದಲ್ಲಿ
ಮೊಣಕಾಲುದ್ದದ ಮಣ್ಣಿಗೆ ಹಿಮ್ಮಡಿ ಒತ್ತಿ ನಿಂತೆ.
ಶಹ್ಲಾ ಟೇಪು ಹಿಡಿದು, ಬಿಟ್ಟು, ಮತ್ತೆ ಹಿಡಿದು
ಪುಸ್ತಕದಲ್ಲಿ ಮೊದಲು ಅವನ ಹೆಸರು ಬರೆದಳು.
ಅದರ ಮುಂದೆ ಒಂದು ಅಂಕಿ.

"ಅಂಕಿ ಪೆನ್ಸಿಲಿನಲ್ಲೇ ಇರಲಿ," ಅಂದೆ.